ದವನದ ಘಮಕ್ಕೆ ಗಂಡೇನು, ಹೆಣ್ಣೇನು

ಚೈತ್ರದ ಹುಣ್ಣಿಮೆಗೆ ನಮ್ಮಲ್ಲಿ ದವನದ ಹುಣ್ಣಿಮೆ ಎನ್ನುತ್ತಾರೆ. ಅಂದು ಹಂಪಿಯಲ್ಲಿ ತೇರು. ವಿರೂಪಾಕ್ಷ ಮತ್ತು ಚಂದ್ರಮೌಳೇಶ್ವರರ ಜೋಡಿ ರಥಗಳನ್ನು ಜನ ಗುಡಿಯ ಮುಂದಿನ ಅಗಲವಾದ ಬೀದಿಯಲ್ಲಿ ಎಳೆಯುತ್ತಾರೆ. ಹೊಸಪೇಟೆ, ಕಂಪ್ಲಿ, ಸಂಡೂರು, ಹೊಳೆಯಾಚೆಯ ಆನೆಗೊಂದಿ, ಗಂಗಾವತಿ, ಎಲ್ಲ ಕಡೆಯಿಂದ ಜನ ಬಂದು ಸೇರುತ್ತಾರೆ. ಏಪ್ರಿಲ್ ಬಿಸಿಲಿಗೆ ಹಂಪಿಯ ಬಂಡೆಗಳು ಕಾದು, ಸಂಜೆ ಇಳಿದರೂ ಶಾಖ ಬಿಡುತ್ತಲೇ ಇರುತ್ತವೆ. ಕರ್ಪೂರದ ಹೊಗೆ, ಒಡೆದ ತೆಂಗಿನಕಾಯಿಯ ನೀರು, ಕಾಲಡಿಯಲ್ಲಿ ನಲುಗಿದ ಬಾಳೆಹಣ್ಣು, ಸಾವಿರಾರು ಜನರ ಬೆವರು, ಇಷ್ಟರ ನಡುವೆಯೂ ಮೂಗಿಗೆ ತಂಪಾಗಿ ತಾಗುವ ಘಮವೊಂದಿದೆ. ಹೂವಿನ ಅಂಗಡಿಯ ಬುಟ್ಟಿಯಲ್ಲಿ ಬೂದು ಬೆರೆತ ಹಸಿರು ಬಣ್ಣದ ಸಣ್ಣ ಸಣ್ಣ ಕಟ್ಟುಗಳಾಗಿ ಕೂತಿರುವ ದವನ ಅದು.

ಕರ್ನಾಟಕದ ಎಷ್ಟೋ ಜಾತ್ರೆಗಳಲ್ಲಿ ಬಾಳೆಹಣ್ಣಿಗೆ ದವನದ ಎಸಳು ಸಿಕ್ಕಿಸಿ ತೇರಿಗೆ ಎಸೆಯುವ ಪದ್ಧತಿ ಇದೆ. ಹಳೇ ಮೈಸೂರಿನ ಕಡೆ ಅದನ್ನೇ ‘ಹಣ್ಣು ಜವನ’ ಎನ್ನುತ್ತಾರೆ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಜೊತೆಯಾಗಿ ಬಂದು ಎಸೆಯುತ್ತಾರೆ. ಗಂಡಿಗೊಂದು ಹೆಣ್ಣಿಗೊಂದು ಬೇರೆ ಬೇರೆ ಸೊಪ್ಪು ಇಲ್ಲ, ಇಬ್ಬರ ಕೈಯಲ್ಲೂ ಅದೇ ದವನ. ದೇವರಿಗೆ ಏರಿದ ಮಾಲೆಯಿಂದ ಕಿತ್ತುಕೊಟ್ಟ ಎಸಳನ್ನು ಹೆಂಗಸರು ಮುಡಿಗೆ ಇಟ್ಟರೆ ಗಂಡಸರು ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಈಗ ಪೇಟೆಯ ಸುಗಂಧದ ಅಂಗಡಿಗಳಿಗೆ ಹೋದರೆ ‘ಗ್ರೀನ್’, ‘ಹರ್ಬಲ್’, ‘ಯೂನಿಸೆಕ್ಸ್’ ಎಂಬ ಮೂರು ಮಾತುಗಳನ್ನು ಒಂದೇ ಡಬ್ಬಿಯ ಮೇಲೆ ಅಚ್ಚು ಹಾಕಿರುವುದನ್ನು ನೋಡಬಹುದು. ಹಸಿ ಸೊಪ್ಪಿನ ಘಮ, ಗಂಡಸು ಹೆಂಗಸು ಯಾರು ಬೇಕಾದರೂ ಹಚ್ಚಿಕೊಳ್ಳಬಹುದು ಎಂಬುದು ಅದರ ಅರ್ಥ. ಹೊಸ ಕಾಲದ ಹೊಸ ರುಚಿ ಎಂಬಂತೆ ಅದನ್ನು ಮಾರುತ್ತಾರೆ. ತುಂಗಭದ್ರೆಯ ಸೀಮೆಯ ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರು ಈ ನಾಲ್ಕು ಊರುಗಳ ಮಟ್ಟಿಗೆ ಅದು ತೀರಾ ಹಳೆಯ ರುಚಿ, ಬಿಟ್ಟಿರಲಾರದ ರುಚಿ. ಅದು ಯಾಕೆ ಇಷ್ಟು ಹಿಡಿಸುತ್ತದೆ ಎಂಬುದಕ್ಕೆ ಗಿಡದಲ್ಲೇ ಕಾರಣಗಳಿವೆ, ನಮ್ಮ ಹವೆಯಲ್ಲಿವೆ, ಇಲ್ಲಿನ ಇತಿಹಾಸದಲ್ಲೂ ಇವೆ.

ಮೊದಲು ಗಿಡ. ಸಸ್ಯಶಾಸ್ತ್ರಜ್ಞರು ದವನವನ್ನು ಆರ್ಟೆಮಿಸಿಯಾ ಪ್ಯಾಲೆನ್ಸ್ ಎಂದು ಕರೆಯುತ್ತಾರೆ. ಸೇವಂತಿಗೆಯ ಕುಟುಂಬದ್ದು. ಒಂದೂವರೆ ಎರಡು ಅಡಿ ಎತ್ತರ ಬೆಳೆಯುತ್ತದೆ, ನೂಲಿನಂತೆ ಸೀಳಿದ ಎಲೆ, ಎಲೆಯ ಮೇಲೆ ನವಿರಾದ ರೋಮ, ಕೊನೆಗೆ ಕಂಡೂ ಕಾಣದಂಥ ಹಳದಿ ಹೂವು. ಮಾಚಿಪತ್ರೆ ಇದರ ಹತ್ತಿರದ ನೆಂಟ. ಮಲೇರಿಯಾಕ್ಕೆ ಮದ್ದು ಕೊಟ್ಟ ಚೀನಾದ ಆರ್ಟೆಮಿಸಿಯಾ ಆನ್ಯುವಾ ಕೂಡ ಅದೇ ಕುಲ. ಆ ಗಿಡದಿಂದ ಆರ್ಟೆಮಿಸಿನಿನ್ ಬೇರ್ಪಡಿಸಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಈ ಕುಲದ ಗಿಡಗಳು ಬಹುಪಾಲು ಕಹಿ, ಬಹುಪಾಲು ಗಾಢ ವಾಸನೆಯವು.

ದವನ ಚಳಿಗಾಲದ ಬೆಳೆ. ನವೆಂಬರಿನ ಹೊತ್ತಿಗೆ ಬಿತ್ತಿ, ಸಸಿ ಕಿತ್ತು ನೆಟ್ಟು, ನಾಲ್ಕು ತಿಂಗಳಲ್ಲಿ ಕೊಯ್ಯುತ್ತಾರೆ. ಇಬ್ಬನಿ ಬಿದ್ದರೆ ಒಳ್ಳೆಯದು, ಹೂವಿನ ಹೊತ್ತಿಗೆ ಮಳೆ ಬಿದ್ದರೆ ಕೆಟ್ಟಿತು. ಬೀಜ ಸಾಸಿವೆಗಿಂತಲೂ ಸಣ್ಣದು, ಹೆಚ್ಚು ದಿನ ಇಟ್ಟರೆ ಮೊಳೆಯುವುದಿಲ್ಲ. ಎಣ್ಣೆಗಾಗಿ ಬೆಳೆಯುವ ರೈತರು ಬೆಂಗಳೂರು, ಕೋಲಾರದ ಸುತ್ತ ಹೆಚ್ಚು. ಹೂವು ಅರಳಿ ನಿಂತಾಗ ಕೊಯ್ದು, ನೆರಳಲ್ಲಿ ಬಾಡಿಸಿ, ಹಬೆಯಲ್ಲಿ ಭಟ್ಟಿ ಇಳಿಸುತ್ತಾರೆ. ಹಸಿ ಸೊಪ್ಪಿನಲ್ಲಿ ಎಣ್ಣೆಯ ಪಾಲು ಶೇ 0.2ರ ಆಸುಪಾಸು. ಒಂದು ಟನ್ ಸೊಪ್ಪು ಬೇಯಿಸಿದರೆ ಎರಡು ಕಿಲೋ ಎಣ್ಣೆ ಬಂದರೆ ಬಂತು. ದವನದ ಎಣ್ಣೆ ಜಗತ್ತಿಗೆ ಹೋಗುವುದು ಬಹುಪಾಲು ದಕ್ಷಿಣ ಭಾರತದಿಂದ, ಅದರಲ್ಲೂ ಕರ್ನಾಟಕದಿಂದ.

ಆ ಘಮವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ, ಆದರೂ ಹೇಳುತ್ತೇನೆ. ಎಸಳೊಂದನ್ನು ಬೆರಳಲ್ಲಿ ತಿಕ್ಕಿದ ಕೂಡಲೇ ಮೊದಲು ಬರುವುದು ಹಸಿ ಸೊಪ್ಪಿನ ಕಹಿ. ಆ ಕಹಿಗೆ ಮೂಗು ಒಗ್ಗುವಷ್ಟರಲ್ಲಿ ಅದರ ಹಿಂದಿನಿಂದ ಒಣಗಿಸಿದ ಏಪ್ರಿಕಾಟ್ ಹಣ್ಣಿನಂಥ ಸಿಹಿ ಏಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಚಹಾಪುಡಿಯ ಡಬ್ಬಿ ತೆಗೆದಾಗಿನ ಒಗರು, ಕೊನೆಗೆ ಬೆರಳಿನಲ್ಲಿ ಉಳಿಯುವುದು ಮರದ ತೊಗಟೆಯಂಥ ಬೆಚ್ಚನೆಯ ವಾಸನೆ. ಕಹಿಯಿಂದ ಸಿಹಿಗೆ, ಸಿಹಿಯಿಂದ ಒಗರಿಗೆ ಹೊರಳುವ ಈ ಗುಣವೇ ದವನದ ಸೊಗಸು. ಮಲ್ಲಿಗೆ ಹಾಗಲ್ಲ. ಅದು ಮೊದಲಿನಿಂದ ಕೊನೆಯವರೆಗೂ ಮಲ್ಲಿಗೆಯೇ.

ಮಲ್ಲಿಗೆಯ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದು ಈಗಿನ ವಿಜಯನಗರ ಜಿಲ್ಲೆಯದೇ ಹೂವು. ಹಡಗಲಿಯಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗುತ್ತಿತ್ತೆಂದು ಊರವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಹೂ ಕಟ್ಟುವವರನ್ನು ಕೇಳಿ ನೋಡಿ. ಬರೀ ಮಲ್ಲಿಗೆಯ ಮಾಲೆ ಕೊಳ್ಳುವವರಿಗೂ ಅವರು “ನಡುನಡುವೆ ದವನ ಹಾಕಿ ಕೊಡ್ಲೇನಕ್ಕಾ?” ಎಂದು ಕೇಳಿಯೇ ಕೇಳುತ್ತಾರೆ. ಮಲ್ಲಿಗೆಯ ಸಿಹಿ ಮುಚ್ಚಿದ ಕೋಣೆಯಲ್ಲಿ, ಬಿಸಿಲಲ್ಲಿ, ತುಂಬಿದ ಬಸ್ಸಿನಲ್ಲಿ ತಲೆ ಹಿಡಿಯುತ್ತದೆ. ಎರಡು ಎಸಳು ದವನವೋ ಮರುಗವೋ ಸೇರಿದರೆ ಆ ಸಿಹಿಗೆ ಗಾಳಿಯಾಡುತ್ತದೆ. ಮಲ್ಲಿಗೆ ಬಾಡಿ ಕಂದಿದ ಮೇಲೂ ದವನದ ಘಮ ಉಳಿಯುತ್ತದೆ, ಒಣಗಿದರೂ ಉಳಿಯುತ್ತದೆ. ಪ್ಯಾರಿಸ್ಸಿನ ಸುಗಂಧ ತಯಾರಕರು ವರ್ಷಗಟ್ಟಲೆ ಕಲಿಯುವ ಪಾಠವನ್ನು ನಮ್ಮ ಹೂವಾಡಗಿತ್ತಿಯರು ಬುಟ್ಟಿಯ ಮುಂದೆ ಕೂತೇ ಕಲಿತಿದ್ದಾರೆ. ಇದನ್ನು ನಾನು ಉಪಚಾರಕ್ಕೆ ಹೇಳುತ್ತಿಲ್ಲ. ಯಾವುದಕ್ಕೆ ಯಾವುದನ್ನು ಎಷ್ಟು ಸೇರಿಸಬೇಕೆಂಬ ತಿಳಿವಳಿಕೆಯೇ ಸುಗಂಧ ವಿದ್ಯೆಯ ಮೂಲ.

ಎಲೆಯ ಘಮ, ಹೂವಿನ ಘಮ ಇವೆರಡರ ನಡುವಿನ ವ್ಯತ್ಯಾಸಕ್ಕೆ ಕಾರಣ ಅವುಗಳ ಕೆಲಸದಲ್ಲಿದೆ. ಹೂವು ಪರಿಮಳ ಬೀರುವುದು ಕರೆಯಲಿಕ್ಕೆ. ಜೇನು ಬರಲಿ, ಪತಂಗ ಬರಲಿ ಎಂದು ತಾನಾಗಿಯೇ ಗಾಳಿಗೆ ಬಿಡುತ್ತದೆ. ಎಲೆಯ ಎಣ್ಣೆ ತಡೆಯಲಿಕ್ಕೆ. ಮೇಯುವ ದನವೋ ಕೊರೆಯುವ ಹುಳವೋ ಬಾಯಿ ಹಾಕಿದರೆ ಕಹಿಯಾಗಲಿ ಎಂದು ಗಿಡ ಆ ಎಣ್ಣೆಯನ್ನು ಎಲೆಯ ಮೇಲಿನ ಕಣ್ಣಿಗೆ ಕಾಣದ ಗ್ರಂಥಿಗಳಲ್ಲಿ ಕಟ್ಟಿಟ್ಟಿರುತ್ತದೆ. ಮುಟ್ಟುವವರೆಗೆ ಸುಮ್ಮನಿರುತ್ತದೆ, ತಿಕ್ಕಿದರೆ ಒಡೆದು ಹೊರಬರುತ್ತದೆ. ದವನ, ಮರುಗ, ಕಾಮಕಸ್ತೂರಿ, ತುಳಸಿ, ಎಲ್ಲದರದ್ದೂ ಇದೇ ರೀತಿ. ಗಿಡದ ಕಾವಲಿಗೆ ಹುಟ್ಟಿದ್ದು ಮನುಷ್ಯನ ಮೂಗಿಗೆ ಪ್ರಿಯವಾಯಿತು. ಸೊಪ್ಪಿನ ಸುಗಂಧದಲ್ಲಿ ಓಲೈಕೆ ಕಡಿಮೆ, ಗಾಂಭೀರ್ಯ ಹೆಚ್ಚು ಅನ್ನಿಸುವುದು ಅದರ ಕಹಿಯಿಂದ.

ದವನದ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ದವನೋನ್ ಎಂಬ ಪದಾರ್ಥ. ನಮ್ಮ ಗಿಡದ ಹೆಸರೇ ರಸಾಯನಶಾಸ್ತ್ರದ ಪುಸ್ತಕಕ್ಕೆ ಏರಿದೆ. ಇದರ ಅಣುವಿನಲ್ಲಿ 15 ಇಂಗಾಲದ ಪರಮಾಣುಗಳು. ನಿಂಬೆ, ಕಿತ್ತಳೆ ಸಿಪ್ಪೆಯ ಪರಿಮಳದ ಅಣುಗಳಲ್ಲಿ ಇರುವುದು 10. ಚಿಕ್ಕ ಅಣು ಬೇಗ ಹಾರಿಹೋಗುತ್ತದೆ, ದೊಡ್ಡದು ನಿಧಾನವಾಗಿ ಏಳುತ್ತದೆ. ನಿಂಬೆಯ ಸುಗಂಧ ಹತ್ತು ನಿಮಿಷಕ್ಕೆ ಮಾಯವಾದರೆ ದವನದ್ದು ಸಂಜೆಯವರೆಗೂ ಮೈಮೇಲೆ ಕೂತಿರುವುದು ಇದೇ ಕಾರಣಕ್ಕೆ.

ಸುಗಂಧ ವ್ಯಾಪಾರದವರು ದವನದ ಬಗ್ಗೆ ಇನ್ನೊಂದು ಮಾತು ಹೇಳುತ್ತಾರೆ. ಈ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಅರಳುತ್ತದಂತೆ. ಒಬ್ಬರಲ್ಲಿ ಹಣ್ಣು ಮುಂದಾದರೆ ಇನ್ನೊಬ್ಬರಲ್ಲಿ ಸೊಪ್ಪು ಮುಂದಾಗುತ್ತದೆ. ಇದರಲ್ಲಿ ನಂಬಲಾಗದ್ದೇನೂ ಇಲ್ಲ. ಚರ್ಮದ ಬಿಸಿ, ಜಿಡ್ಡು, ಬೆವರು ಎಲ್ಲರಲ್ಲೂ ಒಂದೇ ಅಲ್ಲ, ಆವಿಯಾಗುವ ವೇಗ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಮೂಸುವ ಮೂಗುಗಳೂ ಒಂದೇ ಅಲ್ಲ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿವೆ. ಅವು ಹೇಗೆ ಕೆಲಸ ಮಾಡುತ್ತವೆಂದು ತೋರಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಸಿಕ್ಕಿತು. ಈ ಗ್ರಾಹಕಗಳ ಹೊಂದಿಕೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಹಾಗಾಗಿ ಒಂದು ಸುಗಂಧದ ಚಹರೆಯನ್ನು ತೀರ್ಮಾನಿಸುವುದು ಹಚ್ಚಿಕೊಂಡವರ ಮೈ, ಮೂಸಿದವರ ಮೂಗು. ಅವರು ಗಂಡಸೋ ಹೆಂಗಸೋ ಎಂಬುದು ಆಮೇಲಿನ ಮಾತು.

ಗಂಡಿನ ಸೀಸೆ ಬೇರೆ, ಹೆಣ್ಣಿನ ಸೀಸೆ ಬೇರೆ ಎಂದು ಅಂಗಡಿಯ ಹಲಗೆಗಳು ಗಟ್ಟಿಯಾಗಿ ವಿಂಗಡವಾದದ್ದು ಕಳೆದ ನೂರು ನೂರೈವತ್ತು ವರ್ಷಗಳ ಯುರೋಪು, ಅಮೆರಿಕದ ಮಾರುಕಟ್ಟೆಯಿಂದ. ಅದಕ್ಕೂ ಮೊದಲು, 1709ರಲ್ಲಿ ಜರ್ಮನಿಯ ಕಲೋನ್ ಪಟ್ಟಣದಲ್ಲಿ ಇಟಲಿ ಮೂಲದ ಫರೀನಾ ಮನೆತನ ಶುರುಮಾಡಿದ ಅಂಗಡಿಯ ‘ಕಲೋನ್’ ನೀರನ್ನು ಗಂಡಸರೂ ಹೆಂಗಸರೂ ಹಚ್ಚಿಕೊಳ್ಳುತ್ತಿದ್ದರು. 1882ರಲ್ಲಿ ಪ್ಯಾರಿಸ್ಸಿನ ಹೌಬಿಗಾಂಟ್ ಮನೆಯಿಂದ ‘ಫೂಜೇರ್ ರೊಯಾಲ್’ ಬಂತು. ಜರೀಗಿಡದ ಹೆಸರಿಟ್ಟುಕೊಂಡ ಆ ಸೊಪ್ಪಿನ ಘಮದ ದಾರಿ ಹಿಡಿದು ಬಂದ ಸುಗಂಧಗಳೆಲ್ಲ ಗಂಡಸರ ಕ್ಷೌರದಂಗಡಿಯ ಪರಿಮಳಗಳಾದವು. 1947ರಲ್ಲಿ ಜರ್ಮೇನ್ ಸೆಲಿಯೇ ಎಂಬ ಮಹಿಳೆ ಬಾಲ್ಮೆನ್ ಮನೆಗಾಗಿ ‘ವೆಂಟ್ ವೆರ್’ ಎಂಬ ಕಟು ಹಸಿರಿನ ಸುಗಂಧ ಕಟ್ಟಿದರು. ಅದರ ಜೀವಾಳ ಗಾಲ್ಬನಂ ಎಂಬ ಗೋಂದು, ನಮ್ಮ ಅಡುಗೆಮನೆಯ ಇಂಗು ಬರುವುದೂ ಅದೇ ಗಿಡದ ಕುಲದಿಂದ. ಆ ಸುಗಂಧವನ್ನು ಹೆಂಗಸರಿಗೆ ಮಾರಿದರು. ಸೊಪ್ಪಿನ ಘಮ ಒಮ್ಮೆ ಗಂಡಸರದಾಯಿತು, ಒಮ್ಮೆ ಹೆಂಗಸರದಾಯಿತು. ಮತ್ತೆ 1994ರಲ್ಲಿ ಕ್ಯಾಲ್ವಿನ್ ಕ್ಲೈನ್ ಕಂಪನಿಯ ‘ಸಿಕೆ ಒನ್’ ಇಬ್ಬರಿಗೂ ಒಂದೇ ಎಂದು ಸಾರಿದಾಗ ಜಗತ್ತೆಲ್ಲ ಅದನ್ನು ಕ್ರಾಂತಿ ಎಂದಿತು.

ವಿಜಯನಗರದ ರಾಜಧಾನಿಯಾಗಿದ್ದ ಹಂಪಿಯ ಕಡೆ ತಿರುಗಿದರೆ ಈ ಮಾತಿಗೆ ಬೇರೆಯೇ ತೂಕ ಬರುತ್ತದೆ. ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿ ಭಾರತದಲ್ಲಿದ್ದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ವಿಜಯನಗರದ ಗಂಡಸರ ಉಡುಗೆ ತೊಡುಗೆಯನ್ನು ವಿವರವಾಗಿ ಬರೆದಿದ್ದಾನೆ. ಸ್ನಾನವಾದ ಮೇಲೆ ಅವರು ಬಿಳಿ ಚಂದನ, ಅಗರು, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಪನ್ನೀರಿನಲ್ಲಿ ಅರೆದು ಮೈಗೆ ಲೇಪಿಸಿಕೊಳ್ಳುತ್ತಿದ್ದರು, ಸದಾ ಘಮಘಮಿಸುತ್ತಿದ್ದರು ಎನ್ನುತ್ತಾನೆ. ಅದಕ್ಕೂ ಮೊದಲು 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್‌ಗೆ ಬೀದಿಬೀದಿಯಲ್ಲಿ ಗುಲಾಬಿ ಮಾರುತ್ತಿದ್ದುದು ಕಂಡು ಆಶ್ಚರ್ಯವಾಗಿತ್ತು. ಈ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಆತ ಬರೆದಿಟ್ಟ. ರಾಜನ ಭೇಟಿಯಲ್ಲಿ ಆತನಿಗೆ ಸಿಕ್ಕ ಮರ್ಯಾದೆಯಲ್ಲಿ ವೀಳ್ಯದ ಜೊತೆ ಕರ್ಪೂರವೂ ಇತ್ತು. ಸುಗಂಧ ಎಂಬುದು ಇಲ್ಲಿ ಹೆಂಗಸರ ಅಲಂಕಾರದ ಪೆಟ್ಟಿಗೆಗೆ ಸೇರಿದ ವಸ್ತುವಾಗಿರಲಿಲ್ಲ. ಯುದ್ಧಕ್ಕೆ ಹೋಗುವವನ, ರಾಜಕಾರಣ ಮಾಡುವವನ, ವ್ಯಾಪಾರಿಯ ಮೈಮೇಲೂ ಅದಿತ್ತು.

ಇನ್ನೂ ಹಿಂದಕ್ಕೆ ಹೋಗಬಹುದು. ಕಲ್ಯಾಣದ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ ಸುಮಾರು 1025ರಲ್ಲಿ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ನೀರು ಹುಡುಕುವುದು, ಮರ ಬೆಳೆಸುವುದು, ಅಡುಗೆ ಇವುಗಳ ಜೊತೆಗೆ ಸುಗಂಧ ತಯಾರಿಕೆಗೂ ಜಾಗ ಇದೆ. ಅಂದರೆ ಸಾವಿರ ವರ್ಷದ ಹಿಂದೆ ಸುಗಂಧ ಮಾಡುವುದು ಲೋಕಕ್ಕೆ ಉಪಕಾರವಾಗುವ ವಿದ್ಯೆಗಳ ಸಾಲಿಗೆ ಸೇರಿತ್ತು. ಅದೇ ವಂಶದ ಮೂರನೆಯ ಸೋಮೇಶ್ವರ ಮುಂದಿನ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ರಾಜನ ಸ್ನಾನ, ಲೇಪನ, ಮಾಲೆ, ಧೂಪ, ತಾಂಬೂಲ ಒಂದೊಂದನ್ನೂ ಒಂದೊಂದು ಭೋಗವೆಂದು ವಿವರಿಸುತ್ತದೆ. ಈ ಚಾಲುಕ್ಯರ ಅರಮನೆಯೊಂದು ನಮ್ಮ ಕಂಪ್ಲಿಯಲ್ಲಿತ್ತು. ಅದನ್ನು ಕೆಡವಿದ್ದನ್ನು ರಾಜಾಧಿರಾಜ ಚೋಳನ ಶಾಸನಗಳು ಹೆಗ್ಗಳಿಕೆಯೆಂದು ಹೇಳಿಕೊಂಡಿವೆ.

ಆದರೆ ಒಂದನ್ನು ಗಮನಿಸಬೇಕು. ಬಾರ್ಬೋಸಾ ಪಟ್ಟಿ ಮಾಡಿದ ವಸ್ತುಗಳಲ್ಲಿ ಹೆಚ್ಚಿನವು ದೂರದವು. ಕಸ್ತೂರಿ ಹಿಮಾಲಯದ ಮೃಗದ್ದು, ಕೇಸರಿ ಕಾಶ್ಮೀರ ಪರ್ಷಿಯಾಗಳದ್ದು, ಕರ್ಪೂರ ಸಮುದ್ರದಾಚೆಯದ್ದು. ಅವು ಹಣವಿದ್ದವರ ಸುಗಂಧ. ದವನ, ಮರುಗ, ಪಚ್ಚೆತೆನೆ, ಲಾವಂಚ ಹೊಲ ಹಿತ್ತಿಲಿನವು, ಹೊಳೆದಂಡೆಯವು. ಸಿಂಹಾಸನದ ಸುತ್ತಲಿನ ಸುಗಂಧಗಳು ಸಾಮ್ರಾಜ್ಯದೊಂದಿಗೇ ಹೋದವು. ಕಸ್ತೂರಿ ಮೃಗದ ಬೇಟೆಗೆ ಇಂದು ಕಾನೂನಿನ ತಡೆಯಿದೆ, ಗಂಧದ ಮರ ಅಪರೂಪವಾಗಿದೆ. 1565ರ ಪತನದ ನಂತರವೂ ಹಂಪಿಯಲ್ಲಿ ತಪ್ಪದೆ ಉಳಿದದ್ದು ಜನಸಾಮಾನ್ಯರ ಸೊಪ್ಪು.

ದವನಕ್ಕೂ ಹಂಪಿಗೂ ಪುರಾಣದ ನಂಟೂ ಇದೆ. ವಿರೂಪಾಕ್ಷನ ಗುಡಿಯ ಪಕ್ಕದ ಹೇಮಕೂಟದಲ್ಲಿ ಶಿವ ತಪಸ್ಸಿಗೆ ಕೂತಿದ್ದ, ಅವನನ್ನು ವರಿಸಬಯಸಿದ ಪಂಪಾದೇವಿಗಾಗಿ ಆ ತಪಸ್ಸು ಕೆಡಿಸಲು ಬಂದ ಮನ್ಮಥ ಅಲ್ಲೇ ಸುಟ್ಟುಹೋದ ಎಂಬುದು ಸ್ಥಳಪುರಾಣ. ಗುಡಿಯ ಉತ್ತರಕ್ಕೆ ಮನ್ಮಥ ಹೊಂಡ ಇಂದಿಗೂ ಇದೆ. ಪಂಚಾಂಗ ತೆರೆದರೆ ದವನದ ಹುಣ್ಣಿಮೆಗೆ ಮುಂಚಿನ ಎರಡು ದಿನಗಳು ಅನಂಗ ತ್ರಯೋದಶಿ, ದಮನಕ ಚತುರ್ದಶಿ. ಅಂದು ದವನದಿಂದ ಪೂಜೆಗೊಳ್ಳುವವನು ಮನ್ಮಥ. ಸುಟ್ಟವನ ತೇರಿನ ಹೊತ್ತಿಗೆ, ಸುಟ್ಟುಹೋದವನಿಗೆ ಪ್ರಿಯವಾದ ಸೊಪ್ಪು. ತಪಸ್ಸಿಗೂ ಶೃಂಗಾರಕ್ಕೂ ಒಂದೇ ಘಮ ಒಗ್ಗುವುದಾದರೆ ಗಂಡಿಗೂ ಹೆಣ್ಣಿಗೂ ಒಗ್ಗುವುದರಲ್ಲಿ ವಿಶೇಷವೇನು?

ಕಂಪ್ಲಿಯ ಹಸಿರು ಬೇರೆ ಥರದ್ದು. ಅಲ್ಲಿ ಹೊಳೆಯ ನೀರು ಕಾಲುವೆಗಳಲ್ಲಿ ಹರಿದು ಭತ್ತ, ಕಬ್ಬು, ಬಾಳೆ ಬೆಳೆಯುತ್ತದೆ. ವಿಜಯನಗರದ ಅರಸರು ಕಟ್ಟಿಸಿದ ಕಾಲುವೆಗಳು ಈ ಸೀಮೆಯಲ್ಲಿ ಇನ್ನೂ ಗದ್ದೆಗೆ ನೀರುಣಿಸುತ್ತಿವೆ. ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಏಳುವ ಹಸಿ ವಾಸನೆ ಎಲ್ಲರಿಗೂ ಗೊತ್ತು. ಅದು ಗಾಯಗೊಂಡ ಎಲೆ ಕ್ಷಣಮಾತ್ರದಲ್ಲಿ ತಯಾರಿಸುವ ಹೆಕ್ಸೆನಾಲ್ ಮತ್ತು ಅದರ ಬಂಧುಗಳ ವಾಸನೆ. ಜಗತ್ತಿನ ಎಷ್ಟೋ ‘ಗ್ರೀನ್’ ಸುಗಂಧಗಳಲ್ಲಿ ಈ ಅಣುಗಳ ಒಂದು ಹನಿಯಾದರೂ ಇರುತ್ತದೆ. ಅದೇ ಗದ್ದೆಯಲ್ಲಿ ರೈತರು ಬೈದುಕೊಳ್ಳುತ್ತ ಕೀಳುವ ಜೇಕು ಎಂಬ ಕಳೆಯ ಗಡ್ಡೆಯನ್ನು ಒಣಗಿಸಿ ಮೂಸಿದರೆ ಮಣ್ಣು, ಮರ ಬೆರೆತ ಗಾಢ ಪರಿಮಳ. ಕೊನ್ನಾರಿಗಡ್ಡೆ ಎಂದು ಗ್ರಂದಿಗೆ ಅಂಗಡಿಯಲ್ಲಿ ಮಾರುವುದು ಅದನ್ನೇ. ಹಳೆಯ ಸುಗಂಧ ಗ್ರಂಥಗಳು ಮುಸ್ತಾ ಎಂದು ಗೌರವದಿಂದ ಕರೆಯುವುದೂ ಅದನ್ನೇ.

ಸಂಡೂರಿನದು ಮಳೆಯ ಘಮ. ಎರಡು ಗುಡ್ಡದ ಸಾಲುಗಳ ನಡುವಿನ ಕಣಿವೆ, ಅದನ್ನು ಸೀಳಿಕೊಂಡು ಹೋಗುವ ನಾರಿಹಳ್ಳ. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಅವರು ಹೇಳಿದರೆಂಬ ಮಾತು ಈ ಭಾಗದಲ್ಲಿ ಮನೆಮಾತು. ಆ ತಿಂಗಳಲ್ಲಿ ಕುಮಾರಸ್ವಾಮಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಲಕ್ಕಿಗಿಡ, ಬಿಲ್ವ, ಕಾಡುತುಳಸಿ, ಒದ್ದೆ ಹುಲ್ಲು, ಕೆಂಪು ಮಣ್ಣು ಎಲ್ಲ ಬೆರೆತ ಗಾಳಿ ಎದೆ ತುಂಬುತ್ತದೆ. ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ಘಮಕ್ಕೆ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದರಲ್ಲಿನ ಜಿಯೋಸ್ಮಿನ್ ಎಂಬ ಅಂಶ ಮಣ್ಣಿನ ಸೂಕ್ಷ್ಮಜೀವಿಗಳ ಕೊಡುಗೆ, ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಉತ್ತರ ಪ್ರದೇಶದ ಕನೌಜಿನವರು ಮಳೆಯ ಘಮವನ್ನು ಅತ್ತರಾಗಿ ಇಳಿಸಿ ಸೀಸೆಯಲ್ಲಿ ಮಾರುತ್ತಾರೆ. ಸಂಡೂರಿನವರು ಅದಿರು ಮಾರಿದರು. ಗಣಿಯ ಧೂಳು ಎಲೆಗಳ ಮೇಲೆ ಕೂತ ವರ್ಷಗಳಲ್ಲಿ ಕಣಿವೆಯ ಗಾಳಿಯಲ್ಲಿ ಕಬ್ಬಿಣದ ಕಮಟು ಬಿಟ್ಟು ಬೇರೇನೂ ಇರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು, ಆಮೇಲೆ ಷರತ್ತುಗಳೊಂದಿಗೆ ಅದು ಮತ್ತೆ ಶುರುವಾಯಿತು. ಗುಡ್ಡದ ಗಿಡಗಳ ಘಮವೂ ಕಾಪಾಡಬೇಕಾದ ಸಂಪತ್ತು ಎಂದು ನಾನು ನಂಬುತ್ತೇನೆ. ಗುಡ್ಡ ಕರಗಿದರೆ ಆ ಘಮವನ್ನು ಯಾವ ಪ್ರಯೋಗಾಲಯವೂ ಮರಳಿ ಕಟ್ಟಿಕೊಡಲಾರದು.

ಹೊಸಪೇಟೆಯ ಬಜಾರಿನಲ್ಲಿ ಅತ್ತರಿನ ಸಣ್ಣ ಸೀಸೆಗಳು ಇನ್ನೂ ಸಿಗುತ್ತವೆ. ಖಸ್, ಹೀನಾ, ಮಜ್ಮೂಆ ಎಂಬ ಹೆಸರಿನವು. ಖಸ್ ಎಂದರೆ ನಮ್ಮ ಲಾವಂಚ, ಬೇರಿನಿಂದ ಇಳಿಸಿದ ತಂಪು ಹಸಿರು. ಮಜ್ಮೂಆ ಎಂಬುದು ಖಸ್, ಕೇದಗೆ, ಕದಂಬ, ಮಣ್ಣಿನ ಅತ್ತರು ಮುಂತಾದವುಗಳ ಕೂಟ. ಹತ್ತಿಯ ಎಳೆಗೆ ಅದ್ದಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವ ಹಿರಿಯರು ಈ ಊರಿನಲ್ಲಿ ಈಗಲೂ ಇದ್ದಾರೆ. ಅವರ ಮನೆಯ ಹೆಂಗಸರು ಮದುವೆಗೆ ಹೊರಟಾಗ ತೆರೆಯುವುದೂ ಅದೇ ಸೀಸೆಯನ್ನು.

ನಲವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಗೆ ಇಂಥ ಸುಗಂಧಗಳೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಚಳಿದೇಶದವರಿಗಾಗಿ ಕಟ್ಟಿದ ವೆನಿಲಾ, ಸಕ್ಕರೆಪಾಕ, ಚಾಕೊಲೇಟಿನ ಸುಗಂಧಗಳು ಅಲ್ಲಿನ ಕೋಟಿನೊಳಗೆ ಹಿತವಾಗಿರಬಹುದು. ಇಲ್ಲಿ ಬಿಸಿಗೆ ಎಲ್ಲವೂ ಒಂದೇ ಸಲ ಆವಿಯಾಗಿ, ಬೆವರಿನ ಜೊತೆ ಸೇರಿ, ಪಕ್ಕದಲ್ಲಿ ಕೂತವರಿಗೆ ಹಿಂಸೆ. ಸೊಪ್ಪಿನ ಕಹಿ ಬೆವರಿನೊಂದಿಗೆ ಜಗಳವಾಡುವುದಿಲ್ಲ, ಹೊಂದಿಕೊಳ್ಳುತ್ತದೆ.

ಗಂಧದೆಣ್ಣೆಗೆ 1916ರಲ್ಲೇ ಮೈಸೂರು ಸಂಸ್ಥಾನ ಕಾರ್ಖಾನೆ ಕಟ್ಟಿತು, ಜಗತ್ತಿನಲ್ಲೆಲ್ಲ ಹೆಸರು ಬಂತು. ಹಡಗಲಿಯ ಮಲ್ಲಿಗೆಗೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಬಂತು. ಆನೆಗೊಂದಿಯ ಹೆಂಗಸರ ಬಾಳೆನಾರಿನ ಬುಟ್ಟಿಗಳನ್ನು ಪ್ರವಾಸಿಗರು ಊರಿಗೆ ಒಯ್ಯುತ್ತಾರೆ. ದವನಕ್ಕೆ ಮಾತ್ರ ಅಂಥ ಯಾವ ಮನ್ನಣೆಯೂ ಹಂಪಿಯ ಹೆಸರಿನೊಂದಿಗೆ ಸೇರಿಲ್ಲ. ಎಣ್ಣೆ ಡಬ್ಬಿಗಳಲ್ಲಿ ಪರದೇಶಕ್ಕೆ ಹೋಗಿ, ಅಲ್ಲಿನ ಸುಗಂಧದೊಳಗೆ ಕರಗಿ, ಎಷ್ಟೋ ಪಟ್ಟು ಬೆಲೆಗೆ ನಮ್ಮ ಮಾಲ್‌ಗಳಿಗೆ ವಾಪಸು ಬರುತ್ತದೆ. ದವನದ ಹುಣ್ಣಿಮೆ ನಡೆಯುವ ಊರಿನಲ್ಲಿ ದವನ, ಮರುಗ, ಲಾವಂಚ ಸೇರಿಸಿದ ಒಂದು ಅತ್ತರು ಸಣ್ಣ ಸೀಸೆಯಲ್ಲಿ, ಹಂಪಿಯ ಹೆಸರಿನಲ್ಲಿ ಸಿಗಬೇಕು. ಮಹಿಳಾ ಸ್ವಸಹಾಯ ಸಂಘಗಳು, ತೋಟಗಾರಿಕೆ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮನಸ್ಸು ಮಾಡಿದರೆ ಇದು ದೊಡ್ಡ ಬಂಡವಾಳ ಕೇಳುವ ಕೆಲಸವೇನಲ್ಲ. ಚಳಿಗಾಲದಲ್ಲಿ ನೀರಿನ ಅನುಕೂಲವಿರುವ ಕಂಪ್ಲಿ, ಹೊಸಪೇಟೆಯ ರೈತರು ಅರ್ಧ ಎಕರೆಯಲ್ಲಿ ಪ್ರಯೋಗ ಮಾಡಿ ನೋಡಬಹುದು. ಬೆಂಗಳೂರಿನಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಈ ಬೆಳೆಯ ಬಗ್ಗೆ ಮಾಹಿತಿ ಸಿಗುತ್ತದೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. ಶುದ್ಧ ದವನದ ಎಣ್ಣೆ ಸಿಕ್ಕರೆ ನೇರವಾಗಿ ಮೈಗೆ ಹಚ್ಚಬೇಡಿ, ಅದು ತುಂಬ ಗಾಢ. ಒಂದು ಚಮಚ ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ ಒಂದು ಹನಿ ಸಾಕು. ಮೊದಲು ಮುಂಗೈಗೆ ಚೂರು ಸವರಿ, ಒಂದು ದಿನ ಬಿಟ್ಟು, ತುರಿಕೆಯಿಲ್ಲವೆಂದು ಖಾತರಿಯಾದ ಮೇಲೆ ಬಳಸಿ. ಗಂಡನಿಗೊಂದು, ಹೆಂಡತಿಗೊಂದು, ಮಕ್ಕಳಿಗೊಂದು ಎಂದು ಬೇರೆ ಬೇರೆ ಕೊಳ್ಳುವ ಅಗತ್ಯವಿಲ್ಲ, ಮನೆಗೆಲ್ಲ ಒಂದೇ ಸೀಸೆ ಸಾಕು.